ಮೂರನೇ ಸಲ ಕೇಳುವ ಊರು

ಪ್ರತಿ ವರ್ಷ ಜನವರಿ ಎರಡನೇ ತಾರೀಖು ಆರ್ಲಿನ್ ಹೆಗ್‌ಸ್ಟಾಡ್ ತನ್ನ ಮೇಲೆ ತಾನೇ ದಂಡೆತ್ತಿ ಹೋಗುತ್ತಿದ್ದ. ಒಂದನೇ ತಾರೀಖು ಹೊರಡುವಂತಿರಲಿಲ್ಲ. ಅಂದು ಲೈಬ್ರರಿಗೆ ರಜೆ, ಆಯುಧಗಳೆಲ್ಲ ಇದ್ದದ್ದು ಅಲ್ಲಿಯೇ. ಐವತ್ತಾರು ವಯಸ್ಸಿನ, ಮದುವೆಯಾಗದ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದ ಈ ವೀರ ಉತ್ತರ ಡಕೋಟದ ನೂರ್‌ಡಾಲ್ ಎಂಬ ಊರಿನ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುತ್ತಿದ್ದ. ಗೋಧಿ ತುಂಬಿದ ಲಾರಿ ಬಂದು ನಿಂತರೆ ಕಣ್ಣಳತೆಯಲ್ಲೇ ಅದರ ತೂಕ ಹೇಳುತ್ತಿದ್ದ. ತಾನು ಮಾತ್ರ ಯಾವ ಲೆಕ್ಕದಲ್ಲೂ ತೂಕಕ್ಕೆ ಬರುವವನಲ್ಲ ಎಂದು ನಂಬಿದ್ದ. ದಂಡಯಾತ್ರೆಗಳೆಲ್ಲ ಅದಕ್ಕೇ.

ಮೊದಲ ವರ್ಷದ ಯುದ್ಧ ತಣ್ಣೀರಿನ ಸ್ನಾನ. ಒಂಬತ್ತು ದಿನ ಘನಘೋರವಾಗಿ ಹೋರಾಡಿದ. ಹತ್ತನೇ ದಿನ ಮನೆಯ ನೀರಿನ ಪೈಪೇ ಹೆಪ್ಪುಗಟ್ಟಿ ಶತ್ರುಪಕ್ಷಕ್ಕೆ ಸೇರಿಕೊಂಡಿತು. ಎರಡನೇ ವರ್ಷ ದಿನಕ್ಕೆ ಹತ್ತು ಸಾವಿರ ಹೆಜ್ಜೆ. ನೂರ್‌ಡಾಲ್ ಸಾವಿರದ ನಾನೂರು ಹೆಜ್ಜೆಗೆ ಮುಗಿದುಹೋಗುತ್ತದೆ. ಮಿಕ್ಕದ್ದನ್ನು ಚರ್ಚಿನ ನೆಲಮಾಳಿಗೆಯಲ್ಲಿ ಊಟದ ಮೇಜುಗಳನ್ನು ಪ್ರದಕ್ಷಿಣೆ ಹಾಕಿ ತೀರಿಸುತ್ತಿದ್ದ. ಅಲ್ಲಿ ಅಡುಗೆಗೆ ನಿಂತಿದ್ದ ಹೆಂಗಸರು, ಪಾಪ, ಹಸಿದಿರಬೇಕು ಎಂದುಕೊಂಡು ಸುತ್ತಿಗೊಂದು ಸೇಬಿನ ಕಡುಬು ತಿನ್ನಿಸಿದರು. ಏಪ್ರಿಲ್ ಹೊತ್ತಿಗೆ ಪ್ಯಾಂಟಿನ ಗುಂಡಿ ಶರಣಾಗತವಾಯಿತು. ಮೂರನೇ ವರ್ಷ, ದಿನಕ್ಕೆ ಮೂರು ಸಂಗತಿಗೆ ಕೃತಜ್ಞತೆ ಸಲ್ಲಿಸಿ ಬರೆಯುವ ಪುಸ್ತಕ. ಮಾರ್ಚಿನ ಒಂದು ಪುಟದಲ್ಲಿ ಹೀಗಿದೆ: ಕಾಫಿ, ಬಿಸಿ ಕಾಫಿ, ನಿನ್ನೆಯ ಕಾಫಿ. ನಾಲ್ಕನೇ ವರ್ಷ ಎದುರಿಗಿದ್ದವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಅಭ್ಯಾಸ ಹಿಡಿದ. ಎರಡೇ ವಾರಕ್ಕೆ ರೈತರು ಅವನ ಜೊತೆ ಕೆಲಸ ಮಾಡುವ ಡೆಲ್ಮರನನ್ನು ಪಕ್ಕಕ್ಕೆ ಕರೆದು, ಆರ್ಲಿನ್‌ಗೆ ಏನು ಕಾಯಿಲೆ ಎಂದು ವಿಚಾರಿಸತೊಡಗಿದರು.

ಇಷ್ಟು ಸೋಲುಂಡರೂ ಕತ್ತಿ ಕೆಳಗಿಡದಿದ್ದುದಕ್ಕೆ ಕಾರಣ ಲೈಬ್ರರಿಯ ಆರ್ಡಿಸ್. ಬೆಂಕಿ ಆರಿಸುವ ಗಾಡಿ ನಿಲ್ಲಿಸುವ ಕೊಟ್ಟಿಗೆಯ ಪಕ್ಕದ ಒಂದೇ ಕೋಣೆ, ವಾರಕ್ಕೆ ಮೂರು ಮಧ್ಯಾಹ್ನ. ಗಂಡ ತೀರಿಕೊಂಡು ಎಂಟು ವರ್ಷವಾಗಿದ್ದ ಆರ್ಡಿಸ್ ಅಲ್ಲಿ ಕನ್ನಡಕವನ್ನು ಕೂದಲಿಗೆ ಸಿಕ್ಕಿಸಿಕೊಂಡು ಕೂತಿರುತ್ತಿದ್ದಳು. ಪುಸ್ತಕದ ಒಳಗೆ ತಾರೀಖಿನ ಮುದ್ರೆ ಒತ್ತಿ, ಶಾಯಿ ಒಣಗಲೆಂದು ಒಂದು ಸಲ ಮೆಲ್ಲಗೆ ಊದುತ್ತಿದ್ದಳು. ಆ ಒಂದು ಉಸಿರಿಗಾಗಿ ಆರ್ಲಿನ್ ಏಳು ವರ್ಷದಲ್ಲಿ ಆತ್ಮೋನ್ನತಿಯ ನೂರಾ ಅರವತ್ತು ಪುಸ್ತಕ ಓದಿದ್ದ. ಅವನ ಯೋಜನೆ ಸರಳವಾಗಿತ್ತು. ತಾನು ಸಾಕಷ್ಟು ಸುಧಾರಿಸಬೇಕು. ಸುಧಾರಿಸಿದ ಮೇಲೆ ಆರ್ಡಿಸಳನ್ನು ಕಾಫಿಗೆ ಕರೆಯಬೇಕು. ಸಾಕಷ್ಟು ಎಂದರೆ ಎಷ್ಟು ಎಂಬುದು ಮಾತ್ರ ನೂರಾ ಅರವತ್ತರಲ್ಲಿ ಒಂದರಲ್ಲೂ ಇರಲಿಲ್ಲ. ಹಾಗಾಗಿ ಆಸೆ ಒಂದು ಜನವರಿಯಿಂದ ಇನ್ನೊಂದು ಜನವರಿಗೆ ಜಾರುತ್ತ ಹೋಯಿತು.

ನೂರ್‌ಡಾಲಿನಲ್ಲಿ ಯಾರು ಏನು ಕೊಡಲು ಬಂದರೂ ಮೊದಲು ಬೇಡ ಎನ್ನಬೇಕು. ಎರಡನೇ ಸಲವೂ ಬೇಡ, ಆದರೆ ಕೊಂಚ ಮೆತ್ತಗೆ. ಮೂರನೇ ಸಲ ಕೇಳಿದಾಗ, ನಿಮಗೆ ತೊಂದರೆ ಇಲ್ಲದಿದ್ದರೆ ಅರ್ಧ ಲೋಟ ಎನ್ನಬೇಕು. ಆಗ ತುಂಬಿದ ಲೋಟ ಬರುತ್ತದೆ. ಡೆಲ್ಮರನ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಬೆಂಕಿ ಆರಿಸುವವರು ಬಂದು ಸಹಾಯ ಬೇಕೇ ಎಂದರೆ, ಬೇಡಪ್ಪ, ನಿಮಗೆ ಬೇರೆ ಕೆಲಸ ಇರುತ್ತೆ ಎಂದನಂತೆ. ಮೂರನೇ ಸಲ ಕೇಳುವ ಹೊತ್ತಿಗೆ ಛಾವಣಿ ಹೋಗಿತ್ತು. ಮರ್ಯಾದೆ ಉಳಿದಿತ್ತು.

ಫೆಬ್ರವರಿಯ ಒಂದು ಗುರುವಾರ ಆರ್ಡಿಸ್ ಮುದ್ರೆ ಒತ್ತಿದಳು, ಊದಿದಳು, ಪುಸ್ತಕ ಕೊಡುವ ಬದಲು ಕೈಯಲ್ಲೇ ಹಿಡಿದುಕೊಂಡಳು. ಮುಂದಿನ ವಾರ ಬಿಟ್ಟು ಅದರ ಮುಂದಿನ ಶನಿವಾರ ಫಾರ್ಗೊ ಪಟ್ಟಣದಲ್ಲಿ ಸಮೂಹಗಾನ ಇತ್ತು. ಅವಳ ಹತ್ತಿರ ಎರಡು ಟಿಕೆಟ್ ಇದ್ದವು. ತಂಗಿ ಬರುವಂತಿರಲಿಲ್ಲ.

"ನೀವು ಬರ್ತೀರಾ ಆರ್ಲಿನ್?" ಎಂದಳು.

ಏಳು ವರ್ಷ ಕಾದಿದ್ದ ಹೃದಯ ಕುದುರೆಯಂತೆ ಕೆನೆಯಿತು. ಆದರೆ ಬಾಯಿ ಐವತ್ತಾರು ವರ್ಷ ಪಳಗಿದ್ದು. "ಅಯ್ಯೋ, ಬೇಡ ಬಿಡಿ. ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗಿ" ಎಂದಿತು. ಎಂದು, ಎರಡನೇ ಸಲಕ್ಕೆ ಕಾಯುತ್ತ ನಿಂತಿತು.

"ಸರಿ ಹಾಗಾದ್ರೆ" ಎಂದು ಆರ್ಡಿಸ್ ಪುಸ್ತಕ ಕೊಟ್ಟಳು.

ಆರ್ಲಿನ್ ಅಲ್ಲಾಡಲಿಲ್ಲ. ಎಲ್ಲೋ ಮರೆತಿರಬೇಕು, ಈಗ ಕೇಳುತ್ತಾಳೆ. ಗೋಡೆಯ ಸೂಚನಾ ಫಲಕವನ್ನು ಎರಡು ಸಲ ಓದಿದ. ಬೆಕ್ಕಿನ ಮರಿಗಳು ಬೇಕಾದವರು ಯಾರನ್ನು ಕಾಣಬೇಕೆಂಬುದು ಬಾಯಿಪಾಠವಾಯಿತು. ಐದು ಗಂಟೆಗೆ ಆರ್ಡಿಸ್ ದೀಪ ಆರಿಸಿ, "ಬಾಗಿಲು ಹಾಕ್ಬೇಕಲ್ಲಾ" ಎಂದಳು. ಅವನು ಹೊರಗೆ ಬಂದ. ಹಿಂದಿನಿಂದ ಬೀಗದ ಸದ್ದು ಕೇಳಿತು.

ಮರುದಿನ ತೂಕದ ಕೋಣೆಯಲ್ಲಿ ಡೆಲ್ಮರ್ ಒಗಟು ಬಿಡಿಸಿದ. ಅವನ ಹೆಂಡತಿ ಲವಾನ್‌ಗೂ ಆರ್ಡಿಸ್‌ಗೂ ಬಹಳ ಸ್ನೇಹ. ಕ್ರಿಸ್‌ಮಸ್ಸಿಗೆ ಡೆನ್ವರಿನಿಂದ ಬಂದಿದ್ದ ಆರ್ಡಿಸಳ ಮಗಳು, ಅಮ್ಮಾ, ನಾನು ಬೇಡ ಅಂದ್ರೆ ನಿನಗೆ ಕಿವಿಗೇ ಬೀಳಲ್ಲ, ಇನ್ನೊಂದು ತುಂಡು, ಇನ್ನೊಂದು ದಿನ, ಇನ್ನೊಂದು ಸಲ ಅಂತ ಪೀಡಿಸ್ತೀಯ ಎಂದು ಮುನಿಸಿಕೊಂಡು ಹೋದವಳು ಫೋನನ್ನೇ ಮಾಡಿರಲಿಲ್ಲ. ಅಂದಿನಿಂದ ಆರ್ಡಿಸ್ ಒಂದು ನೇಮ ಹಿಡಿದಿದ್ದಳು. ಯಾರಾದರೂ ಬೇಡ ಎಂದರೆ ಬೇಡವೇ. ಎರಡನೇ ಸಲ ಕೇಳುವಂತಿಲ್ಲ.

"ಈ ಊರಲ್ಲಿ ಇದುವರೆಗೂ ಒಂದೇ ಒಂದು ನೇಮ ನೆಟ್ಟಗೆ ನಡೆದಿರೋದು ಕಣೋ" ಎಂದ ಡೆಲ್ಮರ್. "ಅದಕ್ಕೆ ಮೊದಲ ಬಲಿ ನೀನು. ಹೋಗು, ನಾನೂ ಬರ್ತೀನಿ ಅನ್ನು."

"ಅವರು ಕೇಳದೇನೇ ನಾನು ಹೆಂಗಯ್ಯ ಬರ್ತೀನಿ ಅನ್ನೋದು?"

"ಏಳು ವರ್ಷ ಓದಿದ್ಯಲ್ಲ, ಅದರಲ್ಲೆಲ್ಲೂ ಬರೆದಿಲ್ವಾ?"

ಬರೆದಿತ್ತು. ಪ್ರತಿಯೊಂದರಲ್ಲೂ ಬರೆದಿತ್ತು. ಸೋಮವಾರ, ಮಂಗಳವಾರ, ಗುರುವಾರ ಹೀಗೆ ತೆರೆದಾಗಲೆಲ್ಲ ಆರ್ಲಿನ್ ಲೈಬ್ರರಿಗೆ ಹೋದ, ಪ್ರತಿ ಸಲವೂ ಒಂದು ಪುಸ್ತಕ ಹೊತ್ತು ಮರಳಿದ. ಅವಳು ಊದುವಾಗ ತುಟಿ ದುಂಡಗಾಗುವುದನ್ನು ನೋಡಿದ. ಮುದ್ರೆ ಒತ್ತುವ ಆ ಕೈ ತನ್ನ ಕಾರಿನ ಪಕ್ಕದ ಸೀಟಿನಲ್ಲಿ, ಕೈಗವಸಿನೊಳಗೆ, ಸುಮ್ಮನೆ ಬಿದ್ದಿರುವುದನ್ನು ಊಹಿಸಿಕೊಂಡ. ಹಾಗೆ ಊಹಿಸುತ್ತಿದ್ದಾಗ ತೂಕದ ಕಟ್ಟೆಯ ಮೇಲೆ ನಾಲ್ಕು ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆದವು. ಎರಡನೇ ಬುಧವಾರ ಡೆಲ್ಮರ್ ಮುಖ ತಗ್ಗಿಸಿ ಬಂದು, ಆ ಟಿಕೆಟ್ ನಮ್ಮ ಮನೆಗೇ ಬಂತು, ಲವಾನ್ ಮೂರು ಸಲ ಕಾಯದೆ ಒಂದೇ ಸಲಕ್ಕೆ ಒಪ್ಪಿಕೊಂಡುಬಿಟ್ಟಳು ಎಂದು ತಪ್ಪೊಪ್ಪಿಕೊಂಡ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶನಿವಾರ ಬೆಳಿಗ್ಗೆ ಹನ್ನೊಂದೂವರೆ ಗಂಟೆಗೆ ಆರ್ಲಿನ್ ಕೋಟನ್ನೂ ಹಾಕಿಕೊಳ್ಳದೆ ಆರ್ಡಿಸಳ ಮನೆಯ ಮುಂದೆ ನಿಂತಿದ್ದ. ಯಾವ ಪುಸ್ತಕದ ಎಷ್ಟನೇ ಅಧ್ಯಾಯ ಅವನನ್ನು ಅಲ್ಲಿಗೆ ತಂದಿತೋ ಅವನಿಗೇ ಗೊತ್ತಿರಲಿಲ್ಲ. ಲವಾನ್ ಕಾರಿನೊಳಗೆ ಕೂತಿದ್ದಳು. ಆರ್ಡಿಸ್ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಳು.

"ನಂಗೆ ಬರ್ಬೇಕು ಅಂತಿತ್ತು" ಎಂದ ಆರ್ಲಿನ್. "ಅವತ್ತು ನೀವು ಕೇಳಿದಾಗ್ಲೇ."

ಆರ್ಡಿಸ್ ಕೆರೆಯುವುದನ್ನು ನಿಲ್ಲಿಸಿದಳು. "ಬೇಡ ಅಂದ್ರಲ್ಲ."

"ಅದು ಮೊದಲನೇ ಸಲ ಅಲ್ವಾ."

ಅವಳು ಹಿಮ ಕೆರೆಯುವ ಪಟ್ಟಿಯನ್ನು ಕೋಟಿಗೆ ಒರೆಸಿದಳು. ಇನ್ನೊಂದು ಸಲ ಕೇಳುವ ಮಾತು ಅಂದು ನಾಲಿಗೆಯ ತುದಿಯಲ್ಲೇ ಇತ್ತೆಂದೂ, ಮಗಳ ಮುಖ ನೆನಪಾಗಿ ನುಂಗಿಕೊಂಡೆನೆಂದೂ ಮೆಲ್ಲಗೆ ಹೇಳಿದಳು. "ಈ ವಾರ ಅವಳೇ ಫೋನ್ ಮಾಡಿದ್ಲು ಆರ್ಲಿನ್. ಎರಡು ಸಲ. ಇನ್ನು ನಾನು ಈ ನೇಮ ಬಿಡೋಕಾಗಲ್ಲ."

"ಬಿಡಬೇಡಿ. ಕೇಳೋದು ನಾನು ಕೇಳ್ತೀನಿ. ಮುಂದಿನ ಶನಿವಾರ ನಮ್ಮನೆಗೆ ಕಾಫಿಗೆ ಬನ್ನಿ."

"ಅಯ್ಯೋ, ನಿಮಗ್ಯಾಕೆ ತೊಂದ್ರೆ, ಬೇಡ" ಎಂದಳು ಆರ್ಡಿಸ್.

ಹೇಳಿದ ಮೇಲೆ ಅವಳಿಗೇ ಅದು ಕೇಳಿಸಿತು. ಕಾರಿನೊಳಗೆ ಲವಾನ್ ಹಣೆಗೆ ಕೈ ಹಚ್ಚಿಕೊಂಡಳು. ಆರ್ಲಿನ್ ಕಂಬದಂತೆ ನಿಂತ. ಇದು ಊರಿನ ಬೇಡವೋ, ಅವಳ ಹೊಸ ನೇಮದ ಬೇಡವೋ? ಮತ್ತೆ ಕೇಳಿದರೆ ಮಗಳಿಗೆ ಅವಳು ಮಾಡುತ್ತಿದ್ದ ಪೀಡೆಯನ್ನೇ ತಾನು ಅವಳಿಗೆ ಮಾಡಿದಂತೆ. ಕೇಳದಿದ್ದರೆ ಇನ್ನೂ ಏಳು ಜನವರಿಗಳು. ಅವನು ತಲೆಯಾಡಿಸಿ ದಾರಿ ಬಿಟ್ಟ. ಕಾರು ಹೊರಟಿತು.

ಬೀದಿಯ ಕೊನೆಯಲ್ಲಿ, ಹೆದ್ದಾರಿ ಸೇರುವಲ್ಲಿ, ನಿಲ್ಲು ಎಂಬ ಕೆಂಪು ಫಲಕವಿದೆ. ಕಾರು ಅಲ್ಲಿ ನಿಂತಿತು. ಎಡಕ್ಕೆ ಮೂರು ಮೈಲಿ, ಬಲಕ್ಕೆ ಮೂರು ಮೈಲಿ, ಒಂದು ವಾಹನವೂ ಇರಲಿಲ್ಲ. ಆದರೂ ಕಾರು ನಿಂತೇ ಇತ್ತು.

ಆರ್ಲಿನ್ ಹೆಗ್‌ಸ್ಟಾಡ್ ಓಡಿದ. ಮಂಜುಗಡ್ಡೆಯ ಮೇಲೆ, ಕೈ ಬೀಸುತ್ತ, ಎರಡು ಸಲ ಜಾರಿ, ಕಂಡವರು ಕೊಟ್ಟಿಗೆ ಬಿಟ್ಟು ತಪ್ಪಿಸಿಕೊಂಡ ಎತ್ತು ಎಂದುಕೊಳ್ಳುವ ಹಾಗೆ ಓಡಿದ. ಅವನು ಮುಟ್ಟುವ ಮೊದಲೇ ಆರ್ಡಿಸಳ ಗಾಜು ಕೆಳಗಿಳಿದಿತ್ತು.

"ಎರಡನೇ ಸಲ ಕೇಳ್ತಿದೀನಿ" ಎಂದ, ಏದುಸಿರಿನಲ್ಲಿ.

"ಬೇಡ ಅಂತ ಹೇಳ್ತಿದೀನಿ" ಎಂದಳು ಆರ್ಡಿಸ್, ಕೊಂಚ ಮೆತ್ತಗೆ.

"ಬೇಗ ಮೂರನೇದು ಕೇಳಪ್ಪಾ" ಎಂದಳು ಆಚೆ ಬದಿಯಿಂದ ಲವಾನ್. "ಎರಡು ಗಂಟೆಗೆ ಹಾಡು ಶುರು."

ಅವನು ಕೇಳಿದ. ಆರ್ಡಿಸ್ ಅರ್ಧ ಲೋಟ ಎನ್ನಲಿಲ್ಲ. "ಬರ್ತೀನಿ" ಎಂದಳು.

ಕಾರು ಹೆದ್ದಾರಿ ಹತ್ತಿತು. ಫಾರ್ಗೊಗೆ ಎರಡು ಗಂಟೆಯ ದಾರಿ. ದಾರಿಯುದ್ದಕ್ಕೂ ಲವಾನ್ ಮಾತಾಡುತ್ತಾಳೆ, ಹಾಡು ಶುರುವಾದ ಕೂಡಲೇ ನಿದ್ದೆ ಹೋಗುತ್ತಾಳೆ, ಪಕ್ಕದಲ್ಲಿ ಆರ್ಡಿಸ್ ಕಣ್ಣು ಮುಚ್ಚಿ ಕೇಳುತ್ತಿರುವುದನ್ನು ನೋಡುವವರು ಯಾರೂ ಇರುವುದಿಲ್ಲ. ಆ ಕುರ್ಚಿಯಲ್ಲಿ ಕೂತು ನೋಡಬೇಕಾಗಿದ್ದವನು ಫಲಕದ ಕಂಬ ಹಿಡಿದು ನಿಂತಿದ್ದ. ಆ ಸಮತಟ್ಟು ಬಯಲಿನಲ್ಲಿ ದೂರ ಹೋಗುವ ಕಾರು ಹನ್ನೊಂದು ನಿಮಿಷ ಕಾಣುತ್ತದೆ. ಆರ್ಲಿನ್ ಚಳಿಯಲ್ಲಿ ಹನ್ನೊಂದು ನಿಮಿಷವೂ ನೋಡಿದ.