ಜಯಮ್ಮನ ಕಮಿಷನ್ ತಿಂದವಳು ನಾನು

ಸಿಂಚನಾ, ತೇಜು — ನಿಮ್ಮ ಅಮ್ಮ ಕಳ್ಳಿಯಲ್ಲ. ಕುಚ್ಚು ಕಟ್ಟುವ ಹೆಂಗಸರಿಗೆ ಸೇರಬೇಕಿದ್ದ ಕಮಿಷನ್ನನ್ನು ಅವಳು ಮುಟ್ಟಲಿಲ್ಲ. ಮುಟ್ಟಿದವಳು ನಾನು, ನಿಮ್ಮ ಅಜ್ಜಿ. ಆ ಮಾತು ಅವಳ ಮೇಲೆ ಬಂದಾಗ ಪಕ್ಕದಲ್ಲೇ ಕುಳಿತು ಬರಲು ಬಿಟ್ಟವಳೂ — ಇಲ್ಲ, ಬಿಟ್ಟವಳು ಅಂದರೆ ಕಡಿಮೆಯಾಯಿತು — ಎತ್ತಿ ಅವಳ ಮೇಲೆ ಹಾಕಿದವಳೂ ನಾನೇ.

ಬಾಯಿಬಿಟ್ಟು ಹೇಳೋಣವೆಂದು ಮೂರು ದಿನ ಪ್ರಯತ್ನಪಟ್ಟೆ. ಆಗಲಿಲ್ಲ. ನಾನು ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ನಾಲ್ಕು ಜನರ ಮುಂದೆ ನನಗೆ ನಾಲಿಗೆ ಏಳುವುದಿಲ್ಲ. ಬರೆಯುವುದು ಮಾತ್ರ ಬರುತ್ತದೆ. ತೇಜುವಿನ ಹಳೇ ನೋಟ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಈಗೇಕೆ ಎಂದು ಕೇಳುತ್ತೀರಿ. ಕಳೆದ ಭಾನುವಾರ, ಸಿಂಚನಾ, ನೀನು ನಿನ್ನ ಮದರಂಗಿ ವಿಡಿಯೋಗಳ ಕೆಳಗೆ ಕೋನು, ಬಣ್ಣ ಮಾರುವ ಅಂಗಡಿಯ ಲಿಂಕು ಹಾಕಬೇಕು, ಯಾವ ನೆಟ್‌ವರ್ಕಿಗೆ ಸೇರಲಿ ಎಂದು ಅಮ್ಮನನ್ನು ಕೇಳಿದೆ. ಅಕ್ಕಿ ತೊಳೆಯುತ್ತಿದ್ದ ಶೋಭಾ ತಲೆ ಎತ್ತಲಿಲ್ಲ. "ಅದ್ನ ನನ್ನ ಕೇಳ್ಬೇಡ ಕಣೇ. ಆ ವಿಷಯದಲ್ಲಿ ನನ್ನ ಹೆಸ್ರು ಚೆನ್ನಾಗಿಲ್ಲ" ಅಂದಳು. ಆಗ ತೇಜು ನಗುತ್ತಾ, "ಕೇಳೇ, ಅಮ್ಮಂಗೆ ಗೊತ್ತಿರುತ್ತೆ. ಕಮಿಷನ್ ಹೊಡ್ಯೋದ್ರಲ್ಲಿ ಎಕ್ಸ್‌ಪರ್ಟು" ಅಂದ. ತಪ್ಪು ಅವನದಲ್ಲ, ನಮ್ಮ ಬೀದಿಯ ಜಯಮ್ಮನ ಮೊಮ್ಮಗನ ಬಾಯಿಂದ ಕೇಳಿದ್ದನ್ನು ತಮಾಷೆಗೆ ಅಂದ. ಶೋಭಾ ಕೂಡ ನಕ್ಕಳು. ಆ ನಗು — ಅದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ. ನಾನು ಹುರುಳಿಕಾಯಿಯ ನಾರು ತೆಗೆಯುತ್ತಾ ಕುಳಿತಿದ್ದೆ. ತೆಗೆಯುತ್ತಲೇ ಇದ್ದೆ.

ನೀವಿಬ್ಬರೂ ಚಿಕ್ಕವರಿದ್ದಾಗ ನಡೆದದ್ದು ಇದು. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ಎಂಟು ಮನೆಯ ಹೆಂಗಸರು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದೆವು. ಮಧ್ಯಾಹ್ನ ಊಟ ಮುಗಿಸಿ ಜಯಮ್ಮನ ಮನೆಯ ಮೊಗಸಾಲೆಯಲ್ಲಿ ಸೇರುವುದು, ಒಬ್ಬೊಬ್ಬರು ಒಂದೊಂದು ಸೆರಗು ಹಿಡಿದು ಕೂರುವುದು. ಅದರಲ್ಲಿ ಬರುವ ಕೂಲಿ ಅಷ್ಟಕ್ಕಷ್ಟೇ. ನಮ್ಮ ಕೈಕೆಲಸವನ್ನು ಫೋನಿನಲ್ಲಿ ವಿಡಿಯೋ ಮಾಡಿ ಹಾಕಲು ಶುರುಮಾಡಿದವಳು ನಿಮ್ಮ ಅಮ್ಮ. ಮುಖ ಬೇಡ, ಕೈ ಸಾಕು ಎಂದಳು. ನನಗೆ ಅದೇ ಬೇಕಿತ್ತು. ನನ್ನ ಬಳೆಯಿಲ್ಲದ ಕೈಗಳನ್ನು ನೋಡಿ ಯಾರೋ ಏನೋ ಬರೆದಾಗ, ಅದನ್ನು ಅಳಿಸಿ, ನನ್ನ ಕೈಗಳದ್ದೇ ಇನ್ನೊಂದು ವಿಡಿಯೋ ಹಾಕಿದವಳೂ ಅವಳೇ.

ವಿಡಿಯೋ ನೋಡಿದವರು ದಾರ ಎಲ್ಲಿ ಸಿಗುತ್ತದೆ, ಮಣಿ ಎಲ್ಲಿ ಸಿಗುತ್ತದೆ ಎಂದು ಕೇಳತೊಡಗಿದರು. ಆಗ ಶೋಭಾ ನಮ್ಮ ಎಂಟು ಜನರಿಗೂ ಒಂದೊಂದು ಲಿಂಕು ಮಾಡಿಕೊಟ್ಟಳು. ನಮ್ಮ ಲಿಂಕನ್ನು ಒತ್ತಿ ಯಾರಾದರೂ ದಾರ ಕೊಂಡರೆ ಅಂಗಡಿಯವರು ನಮಗೆ ಇಷ್ಟು ಅಂತ ಕಮಿಷನ್ ಕೊಡುತ್ತಾರೆ. ಯಾರ ಲಿಂಕಿನಿಂದ ಯಾರು ಬಂದರು ಎಂದು ಎಣಿಸಿ, ಅಂಗಡಿಯಿಂದ ಹಣ ಪಡೆದು ನಮಗೆ ದಾಟಿಸುವ ಮಧ್ಯದ ಕಂಪನಿಯೇ ನೆಟ್‌ವರ್ಕು. ಶೋಭಾ ಆರಿಸಿದ ನೆಟ್‌ವರ್ಕು ನಿಧಾನದ್ದು. ಕೊಂಡವರು ಸಾಮಾನು ವಾಪಸ್ ಮಾಡುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಹಣ. ಅದಕ್ಕೆ ಎರಡು ತಿಂಗಳು. ಆದರೆ ಪ್ರತಿಯೊಬ್ಬಳಿಗೂ ತನ್ನ ಲೆಕ್ಕ ತನ್ನ ಫೋನಿನಲ್ಲೇ ಕಾಣುತ್ತಿತ್ತು. ಒಂದು ಸೂಜಿ ಮಾರಿದರೂ ಕಾಣುತ್ತಿತ್ತು.

ಹೆಂಗಸರಿಗೆ ಎರಡು ತಿಂಗಳು ಉದ್ದವಾಯಿತು. ಗೊಣಗಿದರು. ಆ ಹೊತ್ತಿಗೆ ಮಂಜ ಬಂದ — ನನ್ನ ದೊಡ್ಡಮ್ಮನ ಮಗಳ ಮಗ, ನನ್ನ ತವರೂರಿನವನು. ಹೊಸದೊಂದು ನೆಟ್‌ವರ್ಕಿನ ಕೆಲಸ ಅವನದು. ಕಮಿಷನ್ ಎರಡರಷ್ಟು, ಹಣ ವಾರವಾರ. ಜಯಮ್ಮ ಅವನಿಗೆ ಕಾಫಿ ಮಾಡಿಕೊಟ್ಟಳು. ನಿಮ್ಮ ಅಮ್ಮ ಮಾತ್ರ ಪ್ರಶ್ನೆ ಕೇಳುತ್ತಾ ಹೋದಳು. ಕಂಪನಿ ಯಾರದು, ಆಫೀಸು ಎಲ್ಲಿ, ಲಿಂಕು ಒತ್ತಿ ಎಷ್ಟು ದಿನದೊಳಗೆ ಕೊಂಡರೆ ನಮ್ಮದೆಂದು ಹಿಡಿಯುತ್ತೀರಿ, ಎಲ್ಲರಿಗಿಂತ ಎರಡರಷ್ಟು ಕೊಡಲು ನಿಮಗೆ ಹೇಗೆ ಗಿಟ್ಟುತ್ತದೆ. ಅವನು ನಗುತ್ತಲೇ ಉತ್ತರ ಕೊಟ್ಟ, ಯಾವುದಕ್ಕೂ ನೇರವಾಗಿ ಕೊಡಲಿಲ್ಲ. ಲೆಕ್ಕ ಒಬ್ಬೊಬ್ಬರ ಫೋನಿನಲ್ಲಿ ಕಾಣುವುದಿಲ್ಲ, ತಂಡದ ಹಿರಿಯರೊಬ್ಬರ ಫೋನಿನಲ್ಲಿ ಎಲ್ಲರದ್ದೂ ಕಾಣುತ್ತದೆ ಅಂದ. ಶೋಭಾ ಅಲ್ಲೇ ತಡೆದಳು: "ನಮ್ ನಮ್ ಲೆಕ್ಕ ನಮಗ್ ಕಾಣ್ದೆ ಇದ್ರೆ ಅದ್ಯಾಕ್ರೀ ಬೇಕು?"

"ಹಿರೀರು ಅಂದ್ರೆ ಚಿಕ್ಕವ್ವಾನೇ ಆಗ್ಲಿ ಬುಡಿ," ಅಂದ ಮಂಜ ನನ್ನ ಕಡೆ ತಿರುಗಿ. ಎಲ್ಲರಿಗೂ ಸಮಾಧಾನವಾಯಿತು. ಜಯಮ್ಮ, "ಅಕ್ಕ ಆದ್ರೆ ಸರಿ ಕಣಮ್ಮ. ಅವ್ರು ಸುಳ್ಳು ಹೇಳೋಕಾದ್ರೂ ಬಾಯಿ ತೆಗೀಬೇಕಲ್ಲ" ಅಂದಳು. ಎಲ್ಲರೂ ನಕ್ಕರು. ನಾನೂ ತಲೆ ತಗ್ಗಿಸಿ ನಕ್ಕೆ. ಮಾತನಾಡದವಳು ಎಂಬುದನ್ನೇ ಅವರು ನಂಬಿಕೆಯವಳು ಎಂದು ತಿಳಿದರು. ಹಾಗಲ್ಲ ಮಕ್ಕಳೇ. ಮಾತನಾಡದವಳ ಒಳಗೆ ಏನು ಕೊಳೆಯುತ್ತಿದೆಯೋ ಯಾರಿಗೆ ಗೊತ್ತು.

ಶೋಭಾ ಇಷ್ಟಕ್ಕೂ ಒಪ್ಪದೆ, ಮೊದಲು ಪರೀಕ್ಷೆ ಮಾಡೋಣ ಅಂದಳು. ಜಯಮ್ಮನ ಲಿಂಕಿನಿಂದ ಬೇರೆ ಬೇರೆ ಫೋನಿನಲ್ಲಿ ಮೂರು ಸಲ ಸಾಮಾನು ತರಿಸುವುದು, ಮೂರೂ ಜಯಮ್ಮನ ಹೆಸರಿಗೆ ಬಂದವೇ ಎಂದು ನಾನು ನನ್ನ ಫೋನಿನಲ್ಲಿ ನೋಡಿ ಹೇಳುವುದು. ತರಿಸಿದರು. ನಾನು ನಡುಮನೆಯ ಕಿಟಕಿಯ ಬಳಿ ನಿಂತು ನೋಡಿದೆ. ಒಂದು ಜಯಮ್ಮನ ಹೆಸರಿಗೆ ಬಂದಿತ್ತು. ಎರಡು ನನ್ನ ಹೆಸರಿಗೆ ಬಂದಿದ್ದವು.

ಏನೋ ತಪ್ಪಾಗಿದೆ ಎಂದು ಮಂಜನಿಗೆ ಫೋನು ಮಾಡಿದೆ. ಅವನು ಮೆಲ್ಲಗೆ, "ತಪ್ಪಲ್ಲ ಚಿಕ್ಕವ್ವ. ಅದು ನಿಮ್ಗೇ. ಸುಮ್ನಿದ್ರೆ ಅಂಗೇ ಬರ್ತಿರ್ತದೆ" ಅಂದ.

ಅರ್ಥವಾಗಲಿಲ್ಲ ಎಂದು ಹೇಳಲಾರೆ. ಪೂರ್ತಿ ಅರ್ಥವಾಯಿತು. ಹೊರಗೆ ಬಂದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಮೂರೂ ಬಂದವೆ" ಅಂದೆ. ಶೋಭಾ ಒಂದು ಕ್ಷಣ ನನ್ನ ಕೈಯಲ್ಲಿದ್ದ ಫೋನಿನ ಕಡೆ ನೋಡಿದಳು. ಕೇಳಲಿಲ್ಲ. ಅತ್ತೆಯ ಮಾತಿನ ಮೇಲೆ ಅತ್ತೆಯ ಫೋನು ಇಸಿದುಕೊಂಡು ನೋಡುವುದು ನಮ್ಮಂಥ ಮನೆಗಳಲ್ಲಿ ಇಲ್ಲ. ಆ ಮರ್ಯಾದೆಯ ಮರೆಯಲ್ಲಿ ನಾನು ಬಚ್ಚಿಟ್ಟುಕೊಂಡೆ.

ಐದು ತಿಂಗಳು ಹೀಗೇ ನಡೆಯಿತು. ಎಲ್ಲರ ಲಿಂಕಿನಿಂದಲೂ ಮಾರಾಟವಾಗುತ್ತಿತ್ತು. ಅರ್ಧಕ್ಕರ್ಧ ಅವರ ಹೆಸರಿಗೆ ಬರುತ್ತಲೇ ಇರಲಿಲ್ಲ. ಹೆಚ್ಚಿನ ಪಾಲು ಮಂಜನೂ ಅವನ ಕಂಪನಿಯೂ ನುಂಗಿದರು. ಬಾಯಿ ಮುಚ್ಚಿಕೊಂಡಿರಲಿ ಎಂದು ಚೂರುಪಾರು ನನಗೆ ಎಸೆದರು. ಎಸೆದದ್ದನ್ನು ನಾನು ತಿಂದೆ. ನನಗೆ ಯಾವ ಕಷ್ಟವೂ ಇರಲಿಲ್ಲ. ನಿಮ್ಮಪ್ಪ ಹೊಟ್ಟೆ ಬಟ್ಟೆಗೆ ಎಂದೂ ಕಡಿಮೆ ಮಾಡಿದವನಲ್ಲ. ಒಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ರಾಮಕೃಷ್ಣನಗರಕ್ಕೆ ಹೋಗಿ, ಗುರುತಿನವರಿಲ್ಲದ ಹೋಟೆಲಿನಲ್ಲಿ ಒಬ್ಬಳೇ ಕುಳಿತು ಮಸಾಲೆ ದೋಸೆ ತಿಂದೆ. ಜೀವನದಲ್ಲಿ ಮೊದಲ ಸಲ, ಯಾರನ್ನೂ ಕೇಳದೆ. ರುಚಿಯಾಗಿತ್ತು. ಹೇಸಿಗೆ ಎಂದರೆ ಅದೇ — ರುಚಿಯಾಗಿತ್ತು. ಮುಂದಿನ ವಾರವೂ ಹೋದೆ.

ಆಮೇಲೆ ಜಯಮ್ಮನ ತಂಗಿ, ಮಗಳ ಮದುವೆಯ ಸೀರೆಗಳಿಗೆಂದು ಅಕ್ಕನ ಲಿಂಕಿನಿಂದಲೇ ದಾರ ಮಣಿಯೆಲ್ಲಾ ತರಿಸಿದಳು. ಜಯಮ್ಮನಿಗೆ ಒಂದೂ ಬರಲಿಲ್ಲ. ಮಧ್ಯಾಹ್ನ ನಾವೆಲ್ಲಾ ಕುಳಿತಿದ್ದಾಗ ಅವಳು ತಂಗಿಯ ರಸೀದಿಗಳನ್ನು ಒಂದೊಂದಾಗಿ ಚಾಪೆಯ ಮೇಲೆ ಇಟ್ಟಳು. ಯಾರೂ ನನ್ನನ್ನು ನೋಡಲಿಲ್ಲ. ಎಲ್ಲರೂ ನೋಡಿದ್ದು ಶೋಭಾಳನ್ನು.

ಅವರ ಲೆಕ್ಕ ಸರಿಯಾಗಿಯೇ ಇತ್ತು, ನೋಡಿ. ಫೋನು ನನ್ನದು. ಆದರೆ ನನಗೆ ಫೋನು ಎಲ್ಲಿ ಬರುತ್ತದೆ? ಏನೇ ಬಂದರೂ "ನಂಗೆ ಗೊತ್ತಾಗಲ್ಲಮ್ಮ" ಅನ್ನುವವಳು ನಾನು. ಹಾಗಾದರೆ ಅದನ್ನು ನೋಡುವವಳು ಸೊಸೆ. ಕೈಚಳಕವೂ ಸೊಸೆಯದೇ. ನನಗೆ ಆ ಪುಟ ಓದಲು ಬರುತ್ತಿತ್ತು; ಇಂಗ್ಲಿಷಿನಲ್ಲಿದ್ದ ಎಂಟು ಹೆಸರುಗಳ ಆಕಾರವನ್ನು ಕಲಿತಿದ್ದೆ, ಅಂಕಿ ಹೇಗೂ ಬರುತ್ತಿತ್ತು. ಅದು ನನ್ನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ; ಪರೀಕ್ಷೆಯ ದಿನ ಒಂದು ಅಂಕಿ ಓದಿ ಹೇಳಿದ್ದೇ ನನ್ನ ಪಾಲಿಗೆ ಹೆಚ್ಚು ಎಂದುಕೊಂಡಿದ್ದರು.

ಜಯಮ್ಮ ನನ್ನನ್ನೇ ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ, ಪಾಪ ಅನ್ನುವಂತಿತ್ತು. "ಅಕ್ಕ, ನಿಮ್ ಫೋನ್ನಲ್ಲಿ ಲೆಕ್ಕ ನೋಡೋರು ಯಾರು?"

"ನನಗೇನ್ ಗೊತ್ತಾಯ್ತದಮ್ಮ," ಅಂದೆ. "ಶೋಭಾನೇ ನೋಡೋದು."

ಇಷ್ಟೇ. ನಾಲ್ಕು ಜನರ ಮುಂದೆ ಏಳದ ನನ್ನ ನಾಲಿಗೆ ಅವತ್ತು ಎಂಟು ಜನರ ಮುಂದೆ ಎಷ್ಟು ಸಲೀಸಾಗಿ ಎದ್ದಿತು.

ಶೋಭಾ ಕೈಯಲ್ಲಿದ್ದ ಸೆರಗನ್ನು ಕೆಳಗಿಟ್ಟಳು. "ಅತ್ತೆ, ನಾನ್ ನೋಡ್ತಿದ್ನಾ?" ಅಂದಳು. ನಾನು ದಾರದ ಗಂಟು ಬಿಗಿಯುತ್ತಾ ಇದ್ದೆ. ಆಮೇಲೆ ಅವಳು ಎದ್ದು ಮನೆಗೆ ಹೋದಳು. ಜಯಮ್ಮ ಅವಳ ಬೆನ್ನಿಗೇ, "ವಿಧವೆ ಅತ್ತೆ ಹೆಸ್ರಲ್ಲಿ ತಿಂದ್ಬುಟ್ಟಳಲ್ಲ, ಹೊಟ್ಟೆಗೆ ಏನ್ ತಿಂತಾಳೋ" ಅಂದಳು. ಆ ಮಾತು ನನಗೆ ಸೇರಬೇಕಾದದ್ದು, ಮಕ್ಕಳೇ. ದಾರಿ ತಪ್ಪಿ ನಿಮ್ಮ ಅಮ್ಮನಿಗೆ ಹೋಯಿತು. ಈಗಲೂ ಅವಳ ಹತ್ತಿರವೇ ಇದೆ.

ಸಂಜೆ ನಿಮ್ಮಪ್ಪ ಅವಳನ್ನು ಕೇಳಿದ, ನಿಜವಾ ಎಂದು. ಕೇಳಬಾರದಿತ್ತು. ಅವಳು ಉತ್ತರ ಕೊಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಅವಳಿಗೆ ಎಲ್ಲಾ ಗೊತ್ತಿತ್ತೋ — ಗೊತ್ತಿದ್ದೇ ಸುಮ್ಮನಿದ್ದಳೋ — ನಾನು ಇಂದಿಗೂ ಕೇಳಿಲ್ಲ. ಕೇಳಿದರೆ ನಾನು ಹೇಳಬೇಕಾಗುತ್ತಿತ್ತು. ಹೆಂಗಸರು ಅವಳನ್ನು ಗುಂಪಿನಿಂದ ತೆಗೆದರು. ತಾನೇ ಕಟ್ಟಿದ ಗುಂಪಿನಿಂದ. ಆಮೇಲೆ ಅವಳು ಒಂದು ಕುಚ್ಚೂ ಕಟ್ಟಲಿಲ್ಲ. ಮೇಟಗಳ್ಳಿಯ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು. ದಿನವಿಡೀ ನಿಂತು ಬಂದು, ಕಾಲು ಊದಿಸಿಕೊಂಡು, ನನಗೆ ಬಿಸಿ ಮುದ್ದೆ ಮಾಡಿ ಬಡಿಸಿದಳು. ನಾನು ಉಂಡೆ.

ನಾನು ಮಂಜನಿಗೆ ಒಮ್ಮೆ ಫೋನು ಮಾಡಿ ಬೈದೆ — ಅದೂ ಪಿಸುಗುಟ್ಟುತ್ತಾ. ಅವನು ಕೋಪಿಸಿಕೊಳ್ಳಲೂ ಇಲ್ಲ. "ನೀವೂ ತಿಂದ್ರಲ್ಲ ಚಿಕ್ಕವ್ವ" ಅಂದ. ಕೆಲವು ದಿನಗಳಲ್ಲಿ ಅವನ ಫೋನು ಸತ್ತಿತು, ಕಂಪನಿಯ ಪುಟವೂ ತೆರೆಯದಾಯಿತು. ನೀವೂ ತಿಂದಿರಿ ಅಂದದ್ದೊಂದೇ ಅವನು ಹೇಳಿದ ನಿಜವಾದ ಮಾತು. ಅವನಿಗೆ ಕಳ್ಳತನವೇ ಕಸುಬು, ಗುರುತಿಲ್ಲದವರನ್ನು ದೋಚಿದ. ನಾನು ನನ್ನ ಜೊತೆ ಒಂದೇ ಚಾಪೆಯ ಮೇಲೆ ಕುಳಿತವರನ್ನು ದೋಚಿದೆ.

ಏಕೆ ಮಾಡಿದೆ ಎಂದು ತುಂಬ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನನ್ನ ಹೆಸರಿಗೆ ಎಂದೂ ಏನೂ ಬಂದಿರಲಿಲ್ಲ, ಆ ಪುಟದಲ್ಲಿ ನನ್ನ ಹೆಸರಿನ ಮುಂದೆ ಅಂಕಿ ಕಂಡಿತು — ಎಂದು ಬರೆಯಲು ಹೊರಟೆ. ಬೇಡ. ಜಯಮ್ಮನ ಹೆಸರಿಗೂ ಎಂದೂ ಏನೂ ಬಂದಿರಲಿಲ್ಲ. ಅವಳು ಕದಿಯಲಿಲ್ಲವಲ್ಲ.

ಸಿಂಚನಾ, ನಿನ್ನ ಪ್ರಶ್ನೆಗೆ ಉತ್ತರ ಕೊಡುವ ಯೋಗ್ಯತೆ ನನಗಿಲ್ಲ, ಆದರೂ ಕದ್ದವಳಿಗೆ ಗೊತ್ತಿರುವುದನ್ನು ಹೇಳುತ್ತೇನೆ. ನಿನ್ನ ಲೆಕ್ಕ ನಿನಗೇ ಕಾಣದ ನೆಟ್‌ವರ್ಕಿಗೆ ಸೇರಬೇಡ, ಮಧ್ಯೆ ಕುಳಿತು ನೋಡಿ ಹೇಳುತ್ತೇನೆ ಅನ್ನುವವರು ಹೆತ್ತ ತಾಯಿಯಾಗಿದ್ದರೂ. ಗೆಳತಿಯರ ಫೋನಿನಿಂದ ಆಗಾಗ ಏನಾದರೂ ತರಿಸಿ, ಅದು ನಿನ್ನ ಹೆಸರಿಗೆ ಬಂತೇ ಎಂದು ನಿನ್ನ ಕಣ್ಣಿನಿಂದಲೇ ನೋಡು. ಒಮ್ಮೆ ನೋಡಿ ಬಿಡಬೇಡ. ಕದಿಯುವವರು ಮೊದಲ ತಿಂಗಳು ಸರಿಯಾಗಿಯೇ ಕೊಡಬಹುದು. ಎಲ್ಲರಿಗಿಂತ ಎರಡರಷ್ಟು ಕೊಡುತ್ತೇನೆ ಅಂದರೆ, ಅದು ಯಾರ ಪಾಲಿನದು ಎಂದು ಕೇಳು. ನಿಧಾನವಾಗಿ ಕೊಡುವವರನ್ನು ಬೈಯಬೇಡ. ಉಳಿದದ್ದನ್ನು ನಿಮ್ಮ ಅಮ್ಮನನ್ನೇ ಕೇಳು. ನಮ್ಮ ಬೀದಿಯಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಇವತ್ತು ಬೆಳಿಗ್ಗೆ ಜಯಮ್ಮನಿಗೆ ಫೋನು ಮಾಡಿದೆ. ಶುಕ್ರವಾರ ಮಧ್ಯಾಹ್ನ ಎಲ್ಲರನ್ನೂ ಕರಿ, ನಾನು ಒಂದು ಮಾತು ಹೇಳಬೇಕು ಅಂದೆ. "ನೀವಾ ಅಕ್ಕ? ಮಾತಾ?" ಎಂದು ನಕ್ಕಳು. ಆಮೇಲೆ ನಗು ಬಿಟ್ಟು, ಎಲ್ಲರಿಗೂ ಹೇಳ್ತೀನಿ ಅಂದಳು. ಏನೋ ಹೊಳೆದಿರಬೇಕು.

ಅದಕ್ಕೆ ಮೊದಲು, ನಾಳೆ, ಈ ಪುಸ್ತಕವನ್ನು ಶೋಭಾಳ ಕೈಗೆ ಕೊಡುತ್ತೇನೆ. ಅವಳು ಓದಿದ ಮೇಲೆಯೇ ನಿಮಗೆ. ಅವಳು ಬೈದರೆ ತಡೆಯಬೇಡಿ. ಮಾತು ಬಿಟ್ಟರೆ ನನ್ನ ಪರವಾಗಿ ಹೋಗಿ ಅಂಗಲಾಚಬೇಡಿ. ವಯಸ್ಸಾದವಳು, ಪಾಪ, ಹೋಗಲಿ ಬಿಡು ಎಂದು ನೀವು ಯಾರೂ ಅವಳಿಗೆ ಹೇಳಕೂಡದು. ಈ ಮನೆಯಲ್ಲಿ ಅವಳು ಸಾಕಷ್ಟು ಸುಮ್ಮನಿದ್ದಾಳೆ.

ಶುಕ್ರವಾರ ನನ್ನ ಜೊತೆ ಯಾರೂ ಬರುವುದು ಬೇಡ. ಒಬ್ಬಳೇ ಹೋಗುತ್ತೇನೆ. ಕುಳಿತು ಹೇಳುವುದಿಲ್ಲ, ನಿಂತೇ ಹೇಳುತ್ತೇನೆ. ಅವರು ಬೈದದ್ದನ್ನೆಲ್ಲಾ ಪೂರ್ತಿ ಕೇಳಿಸಿಕೊಂಡು ಮನೆಗೆ ಬರುತ್ತೇನೆ.