ಬೀಗಕ್ಕೆ ಅರ ಹಾಕಬಾರದು

"ಇನ್ನೂ ಒತ್ತ್" ಅಂದರು ಮಾಷ್ಟ್ರು. ಒತ್ತಿದೆ. "ಇನ್ನೂ." ಆಮೇಲೆ ತಮ್ಮ ಹೆಬ್ಬೆರಳನ್ನೇ ನನ್ನ ತೋರುಬೆರಳಿನ ಮೇಲಿಟ್ಟು ಅದುಮಿದರು. ಆ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಸೀಳಿನೊಳಗೆ ಹಿತ್ತಾಳೆ ಪುಡಿ ಕೂತು ಹಳದಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಗಿಟಾರಿನ ತಂತಿ ನನ್ನ ಬೆರಳೊಳಗೆ ಇಳಿದು ಮೂಳೆಗೆ ತಾಗಿದ ಹಾಗಾಯಿತು. ಬಲಗೈಯಲ್ಲಿ ಮೀಟಿದೆ. ಆರು ತಂತಿಯಲ್ಲಿ ಎರಡು ಮಾತ್ರ ಮಾತಾಡಿದವು. ಉಳಿದ ನಾಲ್ಕು ಡಬ್ ಡಬ್ ಅಂದವು.

"ಆತಿಲ್ಲೆ ಮಾಷ್ಟ್ರೇ" ಅಂದೆ.

"ಆತ್. ಇವತ್ತಲ್ಲ."

ಆಗುತ್ತದೆ, ಆದರೆ "ಇವತ್ತಲ್ಲ" ಅನ್ನುವುದನ್ನು ಅವರು ಆರು ತಿಂಗಳು ಹೇಳಿದರು.

ಅವರು ಕುಂದಾಪುರ ಪೇಟೆಯಲ್ಲಿ ಬೀಗದ ಕೀ ಮಾಡುವವರು. ಅಂಗಡಿ ಅಂದರೆ ತಗಡಿನ ಗೂಡು. ಇಬ್ಬರು ಕೂತರೆ ಮೂರನೆಯವನು ರಸ್ತೆಯಲ್ಲಿ ನಿಲ್ಲಬೇಕು. ಮೊಳೆಗೆ ನೂರಾರು ಖಾಲಿ ಕೀ ತೂಗುಹಾಕಿದ್ದರು. ಅವುಗಳ ಹಿಂದೆ ಒಂದು ಗಿಟಾರ್. ನಾನು ಬೀಜಾಡಿಯವ, ಗೂಡ್ಸ್ ಆಟೋ ಓಡಿಸುತ್ತೇನೆ. ಒಂದು ದಿನ ಆಟೋದ ಕೀ ತೂತಿನೊಳಗೇ ಮುರಿಯಿತು. ಅವರನ್ನು ಕರೆಯಲು ಹೋದಾಗ ಗಿಟಾರ್ ಬಾರಿಸುತ್ತಾ ಕೂತಿದ್ದರು. ಹಾಡು ಮುಗಿಯುವವರೆಗೆ ಏಳಲಿಲ್ಲ. ನನಗೆ ಸಿಟ್ಟು ಬಂತು, ಆದರೆ ಹಾಡು ಮುಗಿದ ಮೇಲೆ "ಇನ್ನೊಂದ್ ಬಾರ್ಸಿ" ಅಂದದ್ದು ನಾನೇ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವ. ಗಾರೆ ಕೆಲಸ ಅರ್ಧ ಕಲಿತೆ, ವೆಲ್ಡಿಂಗ್ ಅರ್ಧ ಕಲಿತೆ. ಪೂರ್ತಿ ಕಲಿತದ್ದು ಅಂತ ಒಂದೂ ಇರಲಿಲ್ಲ. ಮನೆಯಲ್ಲಿ ಅಮ್ಮ ನನಗೆ ಅರೆಬೆಂದವ ಅಂತಲೇ ಹೆಸರಿಟ್ಟಿದ್ದಳು. ಇದೊಂದನ್ನಾದರೂ ಮುಗಿಸಬೇಕು ಅಂತ ಹಠ ಹಿಡಿದು ಅವರ ಹತ್ತಿರ ಹೋದೆ.

ಮೂರು ತಿಂಗಳಲ್ಲಿ ನಾಲ್ಕು ಕಾರ್ಡ್ ಬಂದವು. ಕಾರ್ಡ್ ಅಂದರೆ ಮೂರು ನಾಲ್ಕು ಬೆರಳು ಒಟ್ಟಿಗೆ ಒತ್ತಿ ಮೀಟುವುದು. ಆಮೇಲೆ ಎಫ್ ಕಾರ್ಡ್ ಬಂತು. ಅದಕ್ಕೆ ಗಿಟಾರಿನ ತಲೆಯ ಹತ್ತಿರ ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕು. ಅದು ಬಾರದಿದ್ದರೆ ಅರ್ಧ ಹಾಡು ಬಾರದು. ನಾನು ಅಲ್ಲಿ ಸಿಕ್ಕಿಬಿದ್ದೆ.

ಎದುರಿನ ಚಾದಂಗಡಿಯವ ದಿನಾ ಕೂಗುತ್ತಿದ್ದ. "ಹ್ವಾಯ್, ಒಳ್ಗೆ ನಾಯಿ ಮರಿ ಹಾಕ್ತಿತ್ತಾ ಎಂತ?"

ಮಾಷ್ಟ್ರು ಅರ ಉಜ್ಜುವುದು ನಿಲ್ಲಿಸದೆ ಹೇಳುತ್ತಿದ್ದರು. "ನಿನ್ ಚಾಯಕ್ಕಿಂತ ಅಡ್ಡಿಲ್ಲೆ. ಅದ್ ಇಪ್ಪತ್ ವರ್ಷ ಆಯ್ತ್, ಇನ್ನೂ ಸಮ ಆಯ್ಲಿಲ್ಲೆ."

ಅವರ ಹತ್ತಿರ ಕಟ್ಟಳೆಗಳಿದ್ದವು. ಒಂದು ಕೀ ಉಜ್ಜಿ ಮುಗಿಯುವಷ್ಟು ಹೊತ್ತು ಮಾತ್ರ ಎಫ್ ಒತ್ತಬೇಕು. ಕೀ ಮುಗಿದರೆ ನಾನೂ ಬಿಡಬೇಕು. ಹೆಚ್ಚು ಒತ್ತಿದರೆ ಬೈಯುತ್ತಿದ್ದರು. ಏಳುವ ಮೊದಲು ನನಗೆ ಚೆನ್ನಾಗಿ ಬರುವ ಹಾಡು ಒಂದು ಬಾರಿಸಲೇಬೇಕು. "ಸೋತ ಸದ್ದ್ ಕಿವಿಯಗೆ ಇಟ್ಕಂಡ್ ಮನಿಗ್ ಹೋಪುಕಾಗ" ಅನ್ನುವರು. ಸೋತ ಸದ್ದನ್ನು ಮನೆಗೆ ಒಯ್ಯಬಾರದಂತೆ. ತಿಂಗಳಿಗೊಮ್ಮೆ ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಸುವರು, ಆದರೆ ಎರಡು ತಿಂಗಳು ಕೇಳಲು ಬಿಡುತ್ತಿರಲಿಲ್ಲ. ಕೇಳಿದ ದಿನ ಎಫ್ ಸತ್ತೇ ಇತ್ತು, ಆದರೆ ಉಳಿದ ಬೆರಳುಗಳು ಮೊದಲಿನ ಹಾಗೆ ತಡಕಾಡುತ್ತಿರಲಿಲ್ಲ.

"ಕೇಂಡ್ಯಾ? ನಿಂಗೆ ಗೊತ್ತಿಲ್ದೇ ನೀ ಮುಂದ್ ಹೋಯ್ದೆ."

"ಎಫ್ ಬಂತಾ?"

"ಇವತ್ತಲ್ಲ."

ಒಮ್ಮೆ ನಾನು ಬೇರೆ ಗಿಟಾರ್ ತಗೊಳ್ಳುತ್ತೇನೆ ಅಂದೆ. ಅವರು ಕೈಯಲ್ಲಿದ್ದ ಅರ ಕೆಳಗಿಟ್ಟರು. "ಬೀಗಕ್ಕೆ ಅರ ಹಾಕುಕಾಗ ಮಾರಾಯ. ಬೀಗ ಯಾವತ್ತೂ ಸಮವೇ. ಬಾಗ್ಲ್ ತೆಗಿಲಿಲ್ಲ ಅಂದ್ರೆ ತಪ್ಪ್ ಕೀದ್. ಗಿಟಾರ್ ಬೀಗ, ನಿನ್ ಬೆರಳ್ ಕೀ. ಉಜ್ಜಿ ಸಮ ಮಾಡ್ಕಾದ್ದ್ ಅದನ್ನ. ಇದ್ರಗೆ ಬಂದ್ರೆ ಯಾದ್ರಗೂ ಬತ್ತ್."

ಅವರ ಇಡೀ ಬದುಕು ಈ ಒಂದು ಮಾತಿನ ಮೇಲೆ ನಿಂತಿತ್ತು. ಅವರು ಕೆಟ್ಟದ್ದೂ ಅದರಿಂದಲೇ.

ಏಳನೇ ತಿಂಗಳು ನಾನು ಬಿಟ್ಟೆ. ಎರಡು ವಾರ ಆ ಕಡೆ ಹೋಗಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅವರು ಬಸ್ಸಿನಲ್ಲಿ ಬೀಜಾಡಿಗೆ ಬಂದರು. ಗಿಟಾರಿಗೆ ಬೆಡ್‌ಶೀಟ್ ಸುತ್ತಿ ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದಿದ್ದರು. ಅಮ್ಮನ ಹತ್ತಿರ ನೀರು ಕೇಳಿ ಕುಡಿದರು. ಗಿಟಾರನ್ನು ನಮ್ಮ ಮನೆ ಗೋಡೆಗೆ ಒರಗಿಸಿದರು.

"ಇದ್ ಒಂದ್ ವಾರ ಇಲ್ಲಿರ್ಲಿ. ನೀ ಬಾರ್ಸ್‌ಬ್ಯಾಡ. ಕಾಣ್, ಅಷ್ಟೇ" ಅಂದು ಹೋದರು.

ಅಮ್ಮ ಕೇಳಿದಳು, "ಅವ್ರಿಗೆ ಮರ್ಳಾ?" ನಾಲ್ಕನೇ ದಿನ ಬಾರಿಸಿದೆ. ಎಂಟನೇ ದಿನ ಗಿಟಾರ್ ಹೊತ್ತುಕೊಂಡು ಗೂಡಿಗೆ ಹೋದೆ. ಅವರು ಸ್ಟೂಲು ನನ್ನ ಕಡೆ ತಳ್ಳಿದರು.

ಅವತ್ತು ತಮ್ಮ ಕಥೆ ಹೇಳಿದರು. ಹೇಳಿದ್ದು ಅದೊಂದೇ ಸಲ. ಹುಡುಗನಾಗಿದ್ದಾಗ ಮುಂಬೈಯಲ್ಲಿ ನಮ್ಮೂರವರ ಹೋಟೆಲಿನಲ್ಲಿ ಕೆಲಸಕ್ಕಿದ್ದರಂತೆ. ಅಲ್ಲಿ ದುಡಿದು ತಗೊಂಡ ಗಿಟಾರ್ ಇದು. ಯಾರದೋ ಕಾಲು ಹಿಡಿದು ಒಂದು ಆರ್ಕೆಸ್ಟ್ರಾದವರ ಮುಂದೆ ಬಾರಿಸಲು ಹೋದರಂತೆ. ಆರ್ಕೆಸ್ಟ್ರಾದವರು ಕೀಬೋರ್ಡಿನ ಸ್ವರಕ್ಕೆ ಸರಿಯಾಗಿ ತಂತಿಗೆ ಶ್ರುತಿ ಕಟ್ಟು ಅಂದರು. ಇವರು ಹಾಗೆಯೇ ಕಟ್ಟಿದರು. ಕಾರ್ಡ್ ಹಿಡಿದ ಕೂಡಲೇ ಅಪಸ್ವರ. ಮತ್ತೆ ಕಟ್ಟಿಸಿದರು, ಮತ್ತೆ ಅಪಸ್ವರ. ಆರ್ಕೆಸ್ಟ್ರಾದ ಯಜಮಾನ ಎಲ್ಲರ ಎದುರು ನಿನಗೆ ಕಿವಿ ಇಲ್ಲ, ನೀನು ಲೋಟ ತೊಳೆಯಲು ಹೋಗು ಅಂದನಂತೆ. ಇವರು ಊರಿಗೆ ಬಂದು ಕೀ ಕೆಲಸ ಕಲಿತರು. ಮೂವತ್ತು ವರ್ಷ ಗೂಡಿನಿಂದಾಚೆ ಯಾರ ಮುಂದೆಯೂ ಬಾರಿಸಲಿಲ್ಲ.

"ಅವ ಹೇಳದ್ದ್ ಸಮವೇ. ನನ್ ಕಿವಿ ಸಮ ಇಲ್ಲೆ" ಅಂದರು. "ಅದ್ಕೇ ನಿನ್ ಹತ್ರ ಒತ್ತ್ ಒತ್ತ್ ಅಂಬುದ್. ನಿಂದಾರೂ ಸಮ ಆಯ್ಲಿ."

ಇನ್ನೊಂದು ಸಂಗತಿ ಇಲ್ಲೇ ಹೇಳಬೇಕು. ಅವರು ತಂತಿಗೆ ಶ್ರುತಿ ಕಟ್ಟುವ ರೀತಿ ವಿಚಿತ್ರ. ಕಾರ್ಡ್ ಹಿಡಿದು ಮೀಟುವರು, ತಲೆ ಓರೆ ಮಾಡಿ ಕೇಳುವರು, ಗಿಟಾರಿನ ತಲೆಯಲ್ಲಿ ತಂತಿ ಬಿಗಿಯುವ ಕಿವಿ ತಿರುಪಿ ತಂತಿಯನ್ನು ಒಂದು ಚೂರು ಇಳಿಸುವರು. ನಾನು ಫೋನಿನಲ್ಲಿ ಸ್ವರ ಅಳೆಯುವ ಟ್ಯೂನರ್ ಹಿಡಿದರೆ ಪ್ರತಿ ತಂತಿಯೂ ಕೂದಲೆಳೆಯಷ್ಟು ಕೆಳಗೆ ತೋರಿಸುತ್ತಿತ್ತು. "ಕಾಣಿ ಮಾಷ್ಟ್ರೇ, ತಪ್ಪಿತ್ತ್" ಅಂದರೆ, "ಫೋನಿಗೆ ಎಂತ ಗೊತ್ತ್" ಅನ್ನುವರು. ಕಿವಿ ಇಲ್ಲದವರ ಜಂಬ ಅಂತ ನಾನು ಒಳಗೊಳಗೇ ನಗುತ್ತಿದ್ದೆ.

ಒಂಬತ್ತನೇ ತಿಂಗಳಲ್ಲಿ ಗಿಟಾರಿನ ಒಂದು ಕಿವಿ ಸಡಿಲಾಯಿತು. ನನಗೆ ಬ್ರಹ್ಮಾವರಕ್ಕೆ ಟೈಲ್ಸ್ ಲೋಡ್ ಇತ್ತು. ಅಲ್ಲಿ ಗಿಟಾರ್ ರಿಪೇರಿ ಮಾಡುವ ಒಬ್ಬ ಇದ್ದಾನೆ, ನನ್ನದೇ ಪ್ರಾಯ. ತೋರಿಸಿ ತರುತ್ತೇನೆ ಅಂತ ಮಾಷ್ಟ್ರಿಂದ ತಗೊಂಡು ಹೋದೆ. ಅವ ಕಿವಿ ಬಿಗಿ ಮಾಡಿದ. ಆಮೇಲೆ ಎಫ್ ಒತ್ತಿ ನೋಡಿ ನನ್ನ ಮುಖ ನೋಡಿದ.

"ಇದ್ರಗೆ ಹ್ಯಾಂಗ್ ಬಾರ್ಸುದ್ ಮಾರಾಯ?"

ಗಿಟಾರಿನ ತಲೆಯ ಹತ್ತಿರ ಒಂದು ಬಿಳಿ ಪಟ್ಟಿ ಇರುತ್ತದೆ. ಅದರ ಆರು ಗೀರಿನಲ್ಲಿ ಆರು ತಂತಿ ಕೂರುತ್ತವೆ. ಈ ಗಿಟಾರಿನಲ್ಲಿ ಆ ಗೀರುಗಳನ್ನು ಸಾಕಷ್ಟು ಆಳ ಕೊರೆದೇ ಇರಲಿಲ್ಲ. ತಂತಿಗಳು ಎತ್ತರದಲ್ಲಿ ನಿಂತಿದ್ದವು, ಒತ್ತಲು ದುಪ್ಪಟ್ಟು ಬಲ ಬೇಕಿತ್ತು. ಗಿಟಾರ್ ಮಾಡಿದ ದಿನದಿಂದಲೂ ಅದು ಹಾಗೇ ಇರುವುದು ಅಂದ. "ಸಮ ಮಾಡ್ಲಾ?" ಅಂತ ಕೇಳಿದ. ನಾನು ಮಾಷ್ಟ್ರನ್ನು ಕೇಳದೆ "ಮಾಡ್" ಅಂದೆ. ಅವ ಒಂದು ಸಣ್ಣ ಅರ ತೆಗೆದು ಹತ್ತು ನಿಮಿಷ ಉಜ್ಜಿದ. ತಂತಿ ಕಟ್ಟಿ ನನ್ನ ಕೈಗೆ ಕೊಟ್ಟ.

ಎಫ್ ಒತ್ತಿದೆ. ಆರೂ ತಂತಿ ಮಾತಾಡಿದವು.

ಖುಷಿ ಆಗಬೇಕಿತ್ತು. ಆಗಲಿಲ್ಲ. ಬ್ರಹ್ಮಾವರದಿಂದ ಕುಂದಾಪುರಕ್ಕೆ ಬರುವಷ್ಟೂ ದೂರ ಸಿಟ್ಟು ಏರುತ್ತಲೇ ಇತ್ತು. ಒಂಬತ್ತು ತಿಂಗಳು. ರಕ್ತ ಬಂದ ಬೆರಳು. ಅಮ್ಮನ ಅರೆಬೆಂದವ ಅನ್ನುವ ಮಾತು ನಿಜ ಅಂತ ನಂಬಿದ್ದೆ. ಎಲ್ಲ ಹತ್ತು ನಿಮಿಷದ ಕೆಲಸಕ್ಕೆ.

ಗೂಡಿನ ಎದುರು ಆಟೋ ನಿಲ್ಲಿಸಿದೆ. ಗೋದ್ರೇಜಿನ ಕೀಗೆ ಬಂದ ಗಿರಾಕಿ ಒಬ್ಬರು ನಿಂತಿದ್ದರು. ಚಾದಂಗಡಿಯವ ಗ್ಲಾಸು ಹಿಡಿದು ಅಲ್ಲೇ ಇದ್ದ. ಅವರ ಎದುರೇ ಶುರು ಮಾಡಿದೆ.

"ಮಾಷ್ಟ್ರೇ, ತಪ್ಪ್ ನನ್ ಬೆರಳಿಂದಲ್ಲ, ಇದ್ರದ್. ಈ ಗೀರ್ ಕೊರಿಲೇ ಇಲ್ಲ ಅಂಬ್ರ್. ಹತ್ತ್ ಸಲ ಅರ ಉಜ್ಜಿರೆ ಆತಿತ್ತ್. ಮೂವತ್ತ್ ವರ್ಷ ಕೈಯಗೆ ಅರ ಹಿಡ್ಕಂಡೇ ಕೂತಿದ್ರಿ ಅಲ್ದಾ? ಎಂತ ಉಜ್ಜದ್ದ್ ನೀವ್?"

ಅವರು ಗಿಟಾರ್ ತಗೊಂಡರು. ಬಿಳಿ ಪಟ್ಟಿಯ ಮೇಲೆ ಆ ಸೀಳಿದ ಉಗುರು ಆಡಿಸಿದರು. ಎಫ್ ಹಿಡಿದು ಮೀಟಿದರು. ಸಿ ಹಿಡಿದರು. ಮತ್ತೆ ಎಫ್. ಕಾರ್ಡ್ ಹಿಡಿದ ಮೇಲೆ ಯಾವ ತಂತಿಯನ್ನೂ ಇಳಿಸಲಿಲ್ಲ. ಇಳಿಸುವ ಅಗತ್ಯ ಬೀಳಲಿಲ್ಲ. ತಲೆ ಓರೆ ಮಾಡಿ ಸದ್ದು ಪೂರಾ ಸಾಯುವ ತನಕ ಕೇಳಿದರು.

"ಸುರೂವಿಂದ್ಲೂ ಹೀಂಗೇ ಇದ್ದಿತಾ ಇದ್?"

"ಕಂಪ್ನಿಯಿಂದ್ಲೇ."

ಅವರ ಮುಖದ ಮೇಲೆ ಒಂದು ನಗು ಬರುತ್ತಾ ಇತ್ತು. ಅಂಥ ನಗು ನಾನು ಅವರಲ್ಲಿ ನೋಡಿರಲಿಲ್ಲ.

"ಹಾಂಗಾರೆ ನನ್ ಕಿವಿ ಸಮ ಇದ್ದಿತ್" ಅಂದರು.

ನಾನು ಹೇಳಿದೆ, "ಸಮ ಇದ್ರೆ ಮೂವತ್ತ್ ವರ್ಷದಗೆ ಗೊತ್ತಾತಿರ್ಲಿಲ್ಯಾ?"

ಚಾದಂಗಡಿಯವ ನಕ್ಕ. ಗಿರಾಕಿಯೂ ನಕ್ಕರು. ಮಾಷ್ಟ್ರ ನಗು ಅರ್ಧಕ್ಕೇ ನಿಂತಿತು. ಗಿಟಾರನ್ನು ನಿಧಾನ ಪಕ್ಕಕ್ಕಿಟ್ಟು ಗೋದ್ರೇಜಿನ ಕೀ ಉಜ್ಜಲು ಕೂತರು. ಮರುದಿನ ಆ ಗಿರಾಕಿ ಬೈದುಕೊಂಡು ವಾಪಸು ಬಂದರಂತೆ. ಬೀಗಕ್ಕೆ ಕೀ ಕೂರಲೇ ಇಲ್ಲವಂತೆ. ಮಾಷ್ಟ್ರು ಕೀ ಕೆಡಿಸಿದ್ದು ನಾನು ಕೇಳಿದ ಮಟ್ಟಿಗೆ ಅದೊಂದೇ.

ಎರಡು ದಿನ ಬಿಟ್ಟು ಹೋದೆ. ಗಿಟಾರಿಗೆ ಬೆಡ್‌ಶೀಟ್ ಸುತ್ತಿ ಇಟ್ಟಿದ್ದರು.

"ಇದ್ ನೀನೇ ಇಟ್ಕ" ಅಂದರು.

"ನಿಮ್ಗೆ?"

"ನಂಗ್ ಕೈ ನೋವ್."

ನೋವಿರಲಿಲ್ಲ. ಆ ಕೈಯಲ್ಲೇ ಕೀ ಉಜ್ಜುತ್ತಿದ್ದರು. ಗೊತ್ತಿದ್ದೂ ನಾನು ಗಿಟಾರ್ ತಗೊಂಡು ಬಂದೆ. ನನಗೆ ಗಿಟಾರ್ ಬೇಕಿತ್ತು.

ಆಮೇಲೆ ನನಗೆ ಬೇಗ ಬೇಗ ಬಂತು. ಆ ಎತ್ತರದ ತಂತಿ ಒತ್ತಿ ಒತ್ತಿ ಬೆರಳು ಕಬ್ಬಿಣ ಆಗಿತ್ತು. ಮತ್ತೆ ಎಷ್ಟೋ ಸಲ ಸಿಕ್ಕಿಬಿದ್ದೆ. ಆಗೆಲ್ಲ ಅವರ ಕಟ್ಟಳೆ ಹಿಡಿದೇ ದಾಟಿದೆ. ಕಷ್ಟದ್ದು ಸ್ವಲ್ಪ ಹೊತ್ತು, ಏಳುವ ಮೊದಲು ಬರುವುದೊಂದು. ಈಗ ಬೈಂದೂರಿನಿಂದ ಬ್ರಹ್ಮಾವರದವರೆಗೆ ಮದುವೆ, ರಿಸೆಪ್ಷನ್ನಿಗೆ ಒಂದು ತಂಡದ ಜೊತೆ ಬಾರಿಸುತ್ತೇನೆ. ಹಗಲು ಆಟೋ ಇದ್ದೇ ಇದೆ. ಅಮ್ಮ ಆ ಹೆಸರು ಕರೆಯುವುದು ಬಿಟ್ಟಿದ್ದಾಳೆ.

ಗೂಡಿಗೆ ಹೋಗುವುದು ಕಡಿಮೆ ಮಾಡಿದೆ. ಆ ರಸ್ತೆಯಲ್ಲಿ ಲೋಡ್ ಇದ್ದರೆ ಸುತ್ತು ಹಾಕಿ ಹೋಗುತ್ತಿದ್ದೆ. ಕ್ಷಮಿಸಿ ಅಂತ ಹೇಳಲು ನನಗೆ ಬರುವುದಿಲ್ಲ, ಯಾರೂ ಕಲಿಸಲಿಲ್ಲ. ಒಂದು ಸಲ ಬೈಂದೂರಿನ ಮದುವೆ ಹಾಲಿನಲ್ಲಿ ಕಟ್ಟಕಡೆಯ ಸಾಲಿನ ಹಿಂದೆ ಅವರು ನಿಂತಿದ್ದು ಕಂಡೆ. ಎರಡು ಹಾಡು ತಲೆ ಓರೆ ಮಾಡಿಕೊಂಡು ಕೇಳಿದರು. ನಾನು ಸ್ಟೇಜ್ ಇಳಿಯಲಿಲ್ಲ. ಇನ್ನೊಂದು ಹಾಡು ಮುಗಿಯಲಿ ಅಂದುಕೊಂಡೆ. ಅದು ಮುಗಿಯುವಾಗ ಅವರು ಇರಲಿಲ್ಲ. ಊಟವನ್ನೂ ಮಾಡಿರಲಿಲ್ಲವಂತೆ.

ಹೋದ ಮಳೆಗಾಲದಲ್ಲಿ ತೀರಿಕೊಂಡರು. ಜ್ವರ ಅಂತ ಆಸ್ಪತ್ರೆಗೆ ಸೇರಿಸಿದ್ದರಂತೆ. ತೀರಿಕೊಂಡು ಮೂರು ದಿನ ಆದ ಮೇಲೆ ನನಗೆ ಚಾದಂಗಡಿಯವ ಹೇಳಿದ. "ಕಡೀಕ್ ಕಡೀಕ್ ಅವ್ರ್ ಯಾರ್ ಹತ್ರವೂ ಮಾತೇ ಆಡ್ತಿರ್ಲಿಲ್ಲೆ ಮಾರಾಯ. ಕೀ ಉಜ್ಜುದ್, ಹೋಪುದ್." ಅಷ್ಟರಲ್ಲಿ ಶಂಕರನಾರಾಯಣದ ಹತ್ತಿರದ ಅವರ ಮನೆಯಲ್ಲಿ ಎಲ್ಲ ಮುಗಿದಿತ್ತು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ.

ಹೋದ ತಿಂಗಳು ಹೊಸ ತಂತಿ ಹಾಕಿಸಲು ಬ್ರಹ್ಮಾವರದ ಆ ರಿಪೇರಿಯವನ ಹತ್ತಿರ ಹೋಗಿದ್ದೆ. ಅವನಿಗೆ ಗಿಟಾರಿನ ಗುರುತು ಸಿಕ್ಕಿತು.

"ಇದ್ ಯಾರದ್ದಾಯಿತ್ತ್ ಮೊದ್ಲ್?" ಅಂದ.

"ಎಂತಕ್ಕೆ?"

"ಅವತ್ತ್ ನೀ ತಕಂಡ್ ಬಂದಾಗ ಎಲ್ಲ ತಂತಿ ಚೂರ್ ಚೂರ್ ಇಳ್ಸಿತ್ತ್. ಬೇಕಂದೇ ಇಳ್ಸದ್ದ್. ಗೀರ್ ಎತ್ತರ ಇದ್ರೆ ಒತ್ತಿದ್ ಕೂಡ್ಲೆ ಸ್ವರ ಮೇಲ್ ಹೋತ್. ಅದಕ್ಕೆ ಎಷ್ಟ್ ಬೇಕೋ ಅಷ್ಟೇ ಮೊದ್ಲೇ ಇಳ್ಸ್‌ಕಂಡ್ ಬಾರ್ಸ್ತಿದ್ರ್ ಅವ್ರ್. ಕಾರಣ ಗೊತ್ತಿಲ್ದಿದ್ರೂ ಕಿವಿಗೆ ಗೊತ್ತಾಯ್ದ್. ಅಂಥ ಕಿವಿ ನಂಗಿಲ್ಲೆ. ನಿಂಗೂ ಇಲ್ಲೆ."

ಮುಂಬೈಯಲ್ಲಿ ಕೀಬೋರ್ಡಿಗೆ ಸರಿಯಾಗಿ ಕಟ್ಟು ಅಂದಿದ್ದರು. ಮಾಷ್ಟ್ರು ಆ ಮಾತು ಕೇಳಿ ತಂತಿ ಇಳಿಸದೆ ಬಾರಿಸಿದ್ದರು. ಅಪಸ್ವರ ಬಂದದ್ದು ಅದಕ್ಕೆ. ಗೊತ್ತಾಗುತ್ತಿರಲಿಲ್ಲವಾ ಅಂತ ಗೂಡಿನ ಎದುರು ನಾನು ಕೇಳಿದ ಪ್ರಶ್ನೆಗೆ ಉತ್ತರ ಮೂವತ್ತು ವರ್ಷ ಅವರ ಬೆರಳಿನಲ್ಲೇ ಇತ್ತು. ದಿನಾ ನನ್ನ ಕಣ್ಣೆದುರೇ ತಂತಿ ಇಳಿಸುತ್ತಿದ್ದರು. ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ನಗು ಪೂರ್ತಿ ಆಗುತ್ತಿತ್ತು.

ಗೂಡಿನಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಇದನ್ನು ಯಾರಿಗೆ ಹೇಳಬೇಕಿತ್ತೋ ಅವರೇ ಇಲ್ಲ. ಅದಕ್ಕೇ ಬರೆದೆ. ಇಲ್ಲಿಗೆ ಬಿಟ್ಟೆ.