ಹೂಂ ಅಂದವರ ಮನೆಗೆ ಮೂರನೇ ಸಲ

ಕಚೇರಿಯಲ್ಲಿ ಅವಳಿಗೆ ಇಟ್ಟಿದ್ದ ಅಡ್ಡಹೆಸರು ನಿಧಾನಕ್ಕ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೂ ಅವಳಿಗೆ ಗೊತ್ತಿತ್ತು. ಮರೆವು ಬಂದವರು, ಹುಟ್ಟಿನಿಂದಲೇ ಗ್ರಹಿಕೆ ಕಡಿಮೆ ಇರುವವರು, ಪೆಟ್ಟು ಬಿದ್ದು ಮಾತು ಹೋದವರು, ಇಂಥವರ ಮನೆಗೆ ಹೋಗಿ ಅವರ ಬದುಕಿನ ತೀರ್ಮಾನವನ್ನು ಅವರೇ ಮಾಡುವಂತೆ ನೆರವಾಗುವುದು ಅವಳ ಸರ್ಕಾರಿ ಕೆಲಸ. ಉಳಿದವರು ದಿನಕ್ಕೆ ಐದು ಮನೆ ಮುಗಿಸಿದರೆ ಇವಳದು ಎರಡು. ಒಂದು ಪ್ರಶ್ನೆ ಕೇಳಿದರೆ ಕೈಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಕಾಯುತ್ತಿದ್ದಳು. ಹುಟ್ಟಾ ವಾಚಾಳಿಯಾದ ಅವಳಿಗೆ ಆ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲು ಇಪ್ಪತ್ತೆರಡು ವರ್ಷ ಹಿಡಿದಿತ್ತು.

ಟೈಲರ್ ಮಾಸ್ತರರ ಕಡತ ಅವಳ ಮೇಜಿಗೆ ಬಂದಾಗ ಎಲ್ಲ ಮುಗಿದಂತೆಯೇ ಇತ್ತು. ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳು. ಬಲಗೈ ಬಿದ್ದುಹೋಗಿದೆ. ಹೌದು, ಅಲ್ಲ ಎಂದು ತಲೆ ಆಡಿಸಲೂ ಆಗದು. ಬಾಯಲ್ಲಿ ಉಳಿದಿರುವುದು ‘ಹೂಂ’ ಒಂದೇ. ಅವರನ್ನು ಆರೈಕೆ ಕೇಂದ್ರಕ್ಕೆ ಸೇರಿಸಿ, ಮನೆಯ ಮುಂಭಾಗದ ಹೊಲಿಗೆ ಅಂಗಡಿ ಖಾಲಿ ಮಾಡಲು ಜೊತೆಗಿರುವ ತಂಗಿ ಅರ್ಜಿ ಹಾಕಿದ್ದಳು. ನಿಧಾನಕ್ಕನ ಸಹಿ ಬಿದ್ದರೆ ಸೋಮವಾರ ಕೇಂದ್ರದ ವ್ಯಾನ್ ಬರುತ್ತಿತ್ತು.

ಮೊದಲ ಸಲ ಹೋದಾಗ ಅವಳು ಕೇಳಿದಳು. “ಮಾಸ್ಟ್ರೇ, ಕೇಂದ್ರಕ್ಕೆ ಹೋಗ್ತೀರಾ?”

“ಹೂಂ.”

“ಇಲ್ಲೇ ಇರ್ತೀರಾ?”

“ಹೂಂ.”

ತಂಗಿ ಹಣೆ ಚಚ್ಚಿಕೊಂಡಳು. “ನೋಡಿದ್ರಾ ಮೇಡಂ? ಕೋಲೆ ಬಸವ ಆಗೋಗಿದ್ದಾನೆ. ಎಲ್ಲದಕ್ಕೂ ಹೂಂ.”

ತಂಗಿ ಕೆಟ್ಟವಳಲ್ಲ. ಅಣ್ಣನನ್ನು ಎತ್ತಿ ಇಳಿಸಿ ಅವಳ ಸೊಂಟ ಬಿದ್ದುಹೋಗಿತ್ತು, ನಿದ್ದೆಯಿಲ್ಲದೆ ಕಣ್ಣು ಗುಳಿಬಿದ್ದಿದ್ದವು.

ಎರಡನೇ ಸಲವೂ ಅದೇ ಹಾಡು. ಮೇಲಧಿಕಾರಿಗೆ ತಾಳ್ಮೆ ಮುಗಿಯಿತು. “ಎರಡಕ್ಕೂ ಹೂಂ ಅಂದ್ರೆ ಅವ್ರಿಗೆ ಏನೂ ತಿಳಿಯಲ್ಲ ಅಂತ ಕಣ್ರೀ. ತಂಗೀನೇ ತೀರ್ಮಾನ ಮಾಡ್ಲಿ. ಸಹಿ ಹಾಕಿ ಕಳ್ಸಿ.”

ನಿಧಾನಕ್ಕನಿಗೆ ರೇಗಿತು. “ಅವ್ರಿಗೆ ತಿಳಿಯಲ್ಲ ಅನ್ನೋದು ಆಮೇಲಿನ ಮಾತು ಸಾರ್. ಅವ್ರು ಹೇಳೋದು ನಮಗೆ ತಿಳಿದಿಲ್ಲ, ಅದು ಮೊದಲ್ನೇದು.”

ಶುಕ್ರವಾರ ಮೊದಲ ಬಸ್ಸಿಗೇ ಹೊರಟಳು. ಇಂಥವರಿಗೆ ಬೆಳಗಿನ ಹೊತ್ತು ತಲೆ ಹಗುರ ಇರುತ್ತದೆಂದು ಅವಳಿಗೆ ಗೊತ್ತಿತ್ತು. ಮಾಸ್ತರರು ಹೊಲಿಗೆ ಯಂತ್ರದ ಪಕ್ಕದಲ್ಲೇ ಕುರ್ಚಿಯಲ್ಲಿದ್ದರು, ತಂಗಿ ಬಳಿಯಲ್ಲೇ ನಿಂತಿದ್ದಳು. ಉತ್ತರ ಊರಿಗೇ ಗೊತ್ತಿರುವ ಪ್ರಶ್ನೆಯೊಂದನ್ನು ಎಸೆದಳು. “ಮಾಸ್ಟ್ರೇ, ನೀವು ಬಡಗೀನಾ?”

“ಹೂಂ!” ಎಡಗೈ ಕುರ್ಚಿಯ ತೋಳಿಗೆ ಪಟ್ಟನೆ ಬಿತ್ತು. ಬಡಗಿ ಎನಿಸಿಕೊಂಡು ಅವರಿಗೆ ಕೆಟ್ಟ ಕೋಪ ಬಂದಿತ್ತು.

“ಟೈಲರಾ?”

“ಹೂಂ.”

ನಿಧಾನಕ್ಕ ಅವರ ಗಂಟಲನ್ನೇ ನೋಡುತ್ತಿದ್ದಳು. ಟೈಲರಾ ಎಂದಾಗ ಗಂಟಲಿನ ಉಬ್ಬು ಒಂದು ಸಲ ಅಲುಗಿತು. ಬಡಗಿ ಎಂದಾಗ ಅಲುಗಿದ್ದು ಎರಡು ಸಲ, ದನಿ ಬಂದದ್ದು ಮಾತ್ರ ಒಂದೇ ಸಲ. ಅವಳು ತನ್ನಷ್ಟಕ್ಕೆ ಹೇಳಿ ನೋಡಿಕೊಂಡಳು: ಹೂಂ. ಊಹೂಂ. ಹೂಂ. ಊಹೂಂ.

“ಅಯ್ಯೋ ನನ್ನ ಮಂಕುಬುದ್ಧಿಯೇ! ಇವ್ರು ಊಹೂಂ ಅಂತಿದ್ದಾರೆ ಕಣಮ್ಮಾ. ಗಂಟಲು ಎರಡು ಸಲ ಅಲುಗುತ್ತೆ ನೋಡು, ಮೊದಲಿನ ಊ ಹೊರಗೇ ಬರ್ತಿಲ್ಲ!”

ಆದರೆ ತನ್ನ ಊಹೆಯನ್ನು ಅವಳು ನಂಬಿ ಕೂರುವವಳಲ್ಲ. ಯಂತ್ರದ ಡ್ರಾಯರಿನಿಂದ ಎರಡು ಗುಂಡಿ ತೆಗೆದು ಹಲಗೆಯ ಮೇಲಿಟ್ಟಳು. ಬಿಳಿ ಗುಂಡಿ ನೂಕಿದರೆ ‘ಹೌದು’, ಕಪ್ಪು ನೂಕಿದರೆ ‘ಅಲ್ಲ’ ಎಂದು ಹೇಳಿಕೊಟ್ಟಳು. ಬಡಗೀನಾ? ಕಪ್ಪು. ಟೈಲರಾ? ಬಿಳಿ. ಕೇಂದ್ರಕ್ಕೆ ಹೋಗ್ತೀರಾ? ಮಾಸ್ತರರು ಕಪ್ಪು ಗುಂಡಿಯನ್ನು ನೂಕಿದ ರಭಸಕ್ಕೆ ಅದು ಉರುಳಿ ಯಂತ್ರದ ಕೆಳಗೆ ಹೋಯಿತು. ನಿಧಾನಕ್ಕ ಬಗ್ಗಿ ಅದನ್ನು ಹುಡುಕಿ ತಂದಳು.

“ಮನೇಲೇ ಇದ್ರೆ ತಂಗಿ ಕೈಲಿ ಆಗಲ್ಲ. ದಿನಾ ಬೆಳಿಗ್ಗೆ ಬೇರೆಯವ್ರು ಬಂದು ಸ್ನಾನ ಮಾಡಿಸ್ತಾರೆ. ಒಪ್ಪಿಗೇನಾ?”

ಅವರು ಗೋಡೆ ನೋಡಿದರು, ತಂಗಿಯನ್ನು ನೋಡಿದರು. ನಿಮಿಷ ತುಂಬಿದ ಮೇಲೆ ಬಿಳಿ ಗುಂಡಿ ಮುಂದೆ ಬಂತು.

ನಿಧಾನಕ್ಕ ಅರ್ಜಿಯಲ್ಲಿ ‘ಮನೆಯಲ್ಲೇ, ಸಹಾಯಕರೊಂದಿಗೆ. ತೀರ್ಮಾನ ಅವರದೇ’ ಎಂದು ಬರೆದು ಸಹಿ ಹಾಕಿದಳು. ತಂಗಿ ಮೂಲೆಯಲ್ಲಿದ್ದ ಹಾಲಿನ ಲೋಟದ ಕಡೆ ಕೈ ತೋರಿಸಿದಳು.

“ನಾಲ್ಕು ತಿಂಗಳಿಂದ ಇನ್ನೊಂದು ಲೋಟ ಹಾಲು ಕೊಡ್ಲಾ ಅಂತ ಕೇಳ್ತಿದ್ದೀನಿ ಮೇಡಂ. ಹೂಂ ಅಂದ ಅಂತ ಕುಡಿಸಿದ್ದೇ ಕುಡಿಸಿದ್ದು!”

ಮಾಸ್ತರರು ಕಪ್ಪು ಗುಂಡಿಯನ್ನು ಮೂರು ಸಲ ಕುಟ್ಟಿದರು. ತಂಗಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸೆರಗಿನಲ್ಲಿ ಮುಖ ಒರೆಸಿಕೊಂಡು ಹತ್ತಿರ ಸರಿದಳು.

“ಅಣ್ಣಾ, ನನ್ನ ಮೇಲೆ ಕೋಪಾನಾ?”

“ಹೂಂ.”

ಅವಳು ಗುಂಡಿಗಳ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಅಣ್ಣನ ಗಂಟಲ ಮೇಲಿತ್ತು, ಅದು ಎರಡು ಸಲ ಅಲುಗಿತ್ತು.